ಸೆಕೆಂಡ್ ಹ್ಯಾಂಡ್ ರೋಲೆಕ್ಸ್ ಕೊಳ್ಳುವ ಮುಂಚೆ: ನಕಲಿ ವಾಚ್ ಹಿಡಿಯುವುದು ಹೇಗೆ?

ವಾಚಿನ ಎರಡು ಫೋಟೋ ಕಳಿಸಿ "ಇದು ಒರಿಜಿನಲ್ಲಾ, ಡೂಪ್ಲಿಕೇಟಾ, ಒಂದೇ ಮಾತಲ್ಲಿ ಹೇಳಿಬಿಡಿ" ಎಂದು ಕೇಳುವವರು ತುಂಬಾ ಜನ ಇದ್ದಾರೆ. ಒಬ್ಬೊಬ್ಬರಿಗೂ ಅದೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ವಿಷಯ ತಲೆಯಲ್ಲಿರಲಿ. ಹೊರಗಿನ ಗುರುತು ನೋಡಿ ಒಂದು ವಾಚ್ ನಕಲಿ ಎಂದು ಹೇಳಬಹುದು, ಅಸಲಿ ಎಂದು ಹೇಳಲು ಆಗುವುದಿಲ್ಲ. ಒಂದು ತಪ್ಪು ಸಿಕ್ಕಿ, ಅದಕ್ಕೆ ಮಾರುವವರ ಹತ್ತಿರ ಸರಿಯಾದ ಉತ್ತರ ಇಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಹತ್ತು ಗುರುತು ಸರಿಯಿದ್ದರೂ ಹಿಂದಿನ ಮುಚ್ಚಳ ಬಿಚ್ಚಿ ಒಳಗೆ ನೋಡುವ ತನಕ ಹಣ ಕೊಡಬೇಡಿ. ಕೆಳಗೆ ಬರೆದಿರುವುದೆಲ್ಲ ಆ ಮುಚ್ಚಳ ಬಿಚ್ಚುವ ಹಂತದವರೆಗೆ ಹೋಗಬೇಕಾ ಬೇಡವಾ ಎಂದು ತೀರ್ಮಾನಿಸುವುದಕ್ಕೆ.

ಹೆಚ್ಚಿನ ಉದಾಹರಣೆ ರೋಲೆಕ್ಸ್‌ದೇ ಕೊಟ್ಟಿದ್ದೇನೆ. ಜನ ಜಾಸ್ತಿ ಕೇಳುವುದೂ ಅದನ್ನೇ, ನಕಲಿ ಮಾಡುವವರು ಜಾಸ್ತಿ ಮಾಡುವುದೂ ಅದನ್ನೇ.

ಮಾರುವವರ ಮಾತು ಅರ್ಥವಾಗಲು ಕೆಲವು ಪದ ಗೊತ್ತಿರಬೇಕು. "ಫಸ್ಟ್ ಕಾಪಿ", "ಮಾಸ್ಟರ್ ಕಾಪಿ", "7ಎ ಕ್ವಾಲಿಟಿ" ಎಂದರೆ ಎಲ್ಲವೂ ನಕಲಿಯೇ. ಒಂದಕ್ಕಿಂತ ಒಂದು ಸ್ವಲ್ಪ ನೀಟಾಗಿರಬಹುದು, ಅಷ್ಟೇ. "ಸೂಪರ್ ಕ್ಲೋನ್" ಎಂದರೆ ಒಳಗಿನ ಯಂತ್ರವನ್ನೂ ಅಸಲಿಯ ಹಾಗೇ ನಕಲು ಮಾಡಿದ್ದು. ಅಪಾಯ ಇರುವುದು ಇದರಲ್ಲೇ. "ಫ್ರಾಂಕನ್" ಎಂದರೆ ಬೇರೆ ಬೇರೆ ವಾಚುಗಳ ಬಿಡಿಭಾಗ ಸೇರಿಸಿ ಕಟ್ಟಿದ ವಾಚು. "ರಿಡಯಲ್" ಎಂದರೆ ಹಳೆಯ ಡಯಲ್ ಮೇಲೆ ಹೊಸದಾಗಿ ಪೇಂಟ್ ಮಾಡಿ ಅಕ್ಷರ ಅಚ್ಚು ಹಾಕಿದ್ದು. ವಾಚಿನ ಒಳಗಿನ ಯಂತ್ರಕ್ಕೆ ಮೂವ್‌ಮೆಂಟ್ ಅನ್ನುತ್ತಾರೆ. ರೆಫರೆನ್ಸ್ ನಂಬರ್ ಎಂದರೆ ಮಾಡೆಲ್ ನಂಬರ್, ಒಂದೇ ಮಾಡೆಲ್‌ನ ಎಲ್ಲ ವಾಚಿಗೂ ಒಂದೇ. ಸೀರಿಯಲ್ ನಂಬರ್ ಮಾತ್ರ ಪ್ರತಿ ವಾಚಿಗೂ ಬೇರೆ.

ನಿಮ್ಮ ಹತ್ತಿರ ಏನಿರಬೇಕು? ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಆ ಸಣ್ಣ ಗಾಜು. ಮೊಬೈಲ್ ಟಾರ್ಚ್. ಅಳತೆಗೆ ಒಂದು ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು. ನೀವು ನೋಡಲು ಹೋಗುತ್ತಿರುವ ಮಾಡೆಲ್‌ನ ಫೋಟೋಗಳನ್ನು ಕಂಪನಿಯ ವೆಬ್‌ಸೈಟಿನಿಂದಲೇ ಇಳಿಸಿಕೊಂಡಿರಿ. ಮತ್ತೆ, ದುಬಾರಿ ವಾಚ್ ಬಿಚ್ಚಿ ಅಭ್ಯಾಸ ಇರುವ ಒಬ್ಬ ರಿಪೇರಿಯವರ ಪರಿಚಯ. ಇದಿಲ್ಲದೆ ಲಕ್ಷಗಟ್ಟಲೆ ಹಣ ಹಾಕಲು ಹೋಗಬೇಡಿ.

1. ಮೊದಲು ರೇಟು ನೋಡಿ

ಜನಪ್ರಿಯ ಸ್ಟೀಲ್ ರೋಲೆಕ್ಸ್‌ಗೆ ಬೇಡಿಕೆ ಜಾಸ್ತಿ, ಶೋರೂಮಿನಲ್ಲಿ ಸಿಗುವುದು ಕಷ್ಟ. ಹಾಗಾಗಿ ಅದರ ಸೆಕೆಂಡ್ ಹ್ಯಾಂಡ್ ಬೆಲೆ ಕುಸಿಯುವುದು ಕಡಿಮೆ. ಯಾರೋ ರೋಲೆಕ್ಸಿನ ಡೈವಿಂಗ್ ಮಾಡೆಲ್ ಆದ ಈಗಿನ ಸಬ್‌ಮರೀನರ್ ಅನ್ನು ಎರಡು ಲಕ್ಷಕ್ಕೆ ಕೊಡುತ್ತೇನೆ ಅಂದರೆ ಲೂಪ್ ಹೊರಗೆ ತೆಗೆಯುವ ಅಗತ್ಯವೂ ಇಲ್ಲ. "ಅರ್ಜೆಂಟಾಗಿ ದುಡ್ಡು ಬೇಕು", "ವೀಸಾ ಮುಗಿಯಿತು, ನಾಳೆ ಊರು ಬಿಡುತ್ತಿದ್ದೇನೆ", "ಗಿಫ್ಟ್ ಬಂದಿದ್ದು, ಬೆಲೆ ನನಗೆ ಗೊತ್ತಿಲ್ಲ" ಎಂಬ ಕಥೆಗಳೆಲ್ಲ ಕಡಿಮೆ ಬೆಲೆಗೆ ಕಾರಣ ಕೊಡಲಿಕ್ಕೆ. ಅದೇ ಮಾಡೆಲ್, ಅದೇ ವರ್ಷದ್ದಕ್ಕೆ ನಾಲ್ಕೈದು ಕಡೆ ಬೆಲೆ ನೋಡಿ. ಎಲ್ಲಕ್ಕಿಂತ ತೀರಾ ಕೆಳಗಿದ್ದರೆ ಬಿಟ್ಟುಬಿಡಿ.

ಇದಕ್ಕೆ ಉಲ್ಟಾ ತಪ್ಪೂ ಮಾಡುತ್ತಾರೆ. ಬೆಲೆ ಮಾರುಕಟ್ಟೆಗೆ ಸರಿಯಾಗಿದೆ, ಅದಕ್ಕೇ ಅಸಲಿ ಇರಬೇಕು ಅಂದುಕೊಳ್ಳುತ್ತಾರೆ. ಸೂಪರ್ ಕ್ಲೋನ್ ಮಾರುವವರಿಗೆ ಈ ನಂಬಿಕೆ ಚೆನ್ನಾಗಿ ಗೊತ್ತು, ಪೂರ್ತಿ ಬೆಲೆಯನ್ನೇ ಕೇಳುತ್ತಾರೆ.

2. ಮಾರುವವರು ಯಾರು, ಕಾಗದ ಏನಿದೆ

ಬಾಕ್ಸ್ ಮತ್ತು ಕಾರ್ಡ್ ಇದೆ ಅಂದ ತಕ್ಷಣ ಅರ್ಧ ಜನ ಸಮಾಧಾನ ಮಾಡಿಕೊಳ್ಳುತ್ತಾರೆ. ವಾಚನ್ನೇ ನಕಲು ಮಾಡುವವರಿಗೆ ಹಸಿರು ಬಾಕ್ಸ್, ವಾರಂಟಿ ಕಾರ್ಡ್ ಮಾಡುವುದು ಕಷ್ಟವಾ? ಕಾಗದವನ್ನು ನೋಡಬೇಕಾದ್ದು ವಾಚಿಗೆ ಹೊಂದುತ್ತದಾ ಎಂದು ಪರೀಕ್ಷಿಸುವುದಕ್ಕೆ. ಕಾರ್ಡ್ ಮೇಲಿನ ಸೀರಿಯಲ್ ಮತ್ತು ವಾಚಿನ ಸೀರಿಯಲ್ ಒಂದೊಂದೇ ಅಕ್ಷರ ಸೇರಿಸಿ ಓದಿ. 2020ರಿಂದ ರೋಲೆಕ್ಸ್ ಕೊಡುತ್ತಿರುವುದು ಒಳಗೆ ಚಿಪ್ ಇರುವ ಕಾರ್ಡು. ಫೋನ್ ತಾಗಿಸಿದಾಗ ಏನೋ ತೆರೆದುಕೊಂಡಿತು ಎನ್ನುವುದೂ ಸಾಕ್ಷಿಯಲ್ಲ, ಬರೇ ಚಿಪ್ ಎಲ್ಲಿ ಬೇಕಾದರೂ ಸಿಗುತ್ತದೆ.

"ರೋಲೆಕ್ಸ್ ವೆಬ್‌ಸೈಟಿನಲ್ಲಿ ಸೀರಿಯಲ್ ಹಾಕಿ ಚೆಕ್ ಮಾಡಿ" ಎಂದು ಯಾರಾದರೂ ಲಿಂಕ್ ಕಳಿಸಿದರೆ ಒತ್ತಬೇಡಿ. ಅಂಥ ಸೌಲಭ್ಯವನ್ನು ರೋಲೆಕ್ಸ್ ಸಾರ್ವಜನಿಕರಿಗೆ ಕೊಟ್ಟಿಲ್ಲ. ಸೀರಿಯಲ್ ನೋಡಿ ತಯಾರಾದ ವರ್ಷ ಹೇಳುವ ಪಟ್ಟಿಗಳೂ ಸುಮಾರು 2010ರವರೆಗಿನ ವಾಚಿಗೆ ಮಾತ್ರ ನಡೆಯುತ್ತವೆ. ಆಮೇಲೆ ಕಂಪನಿ ಅಡ್ಡಾದಿಡ್ಡಿ ಸೀರಿಯಲ್ ಹಾಕಲು ಶುರು ಮಾಡಿತು.

ಬಿಲ್ಲಿನ ವಿಷಯಕ್ಕೆ ಬಂದರೆ, ಅಂಗಡಿಯಿಂದ ಕೊಳ್ಳುವಾಗ ಜಿಎಸ್‌ಟಿ ಬಿಲ್ಲಿನಲ್ಲಿ ಮಾಡೆಲ್ ನಂಬರ್ ಮತ್ತು ಸೀರಿಯಲ್ ಎರಡೂ ಬರೆಸಿ. ನಮ್ಮ ದೇಶದಲ್ಲಿ ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ಹತ್ತು ಲಕ್ಷ ಮೀರಿದ ಕೈಗಡಿಯಾರಕ್ಕೆ ಮಾರುವ ಅಂಗಡಿ 1% ಟಿಸಿಎಸ್ ಹಿಡಿಯಬೇಕು ಎಂಬ ನಿಯಮ 2025ರ ಏಪ್ರಿಲ್ 22ರಿಂದ ಬಂದಿದೆ. ಟಿಸಿಎಸ್ ಎಂದರೆ ಮಾರುವವರೇ ನಿಮ್ಮಿಂದ ಮುಂಗಡ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುವುದು, ನಿಮ್ಮ ಆದಾಯ ತೆರಿಗೆ ಲೆಕ್ಕಕ್ಕೆ ಅದು ಜಮಾ ಆಗುತ್ತದೆ. "ಪೂರ್ತಿ ಕ್ಯಾಶ್ ಕೊಡಿ, ಬಿಲ್ ಬೇಡ, ಟ್ಯಾಕ್ಸ್ ಉಳಿಯುತ್ತೆ" ಅಂದರೆ ಉಳಿಯುವುದು ಅವರಿಗೆ. ನಾಳೆ ವಾಚ್ ನಕಲಿ ಎಂದು ಗೊತ್ತಾದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಕರಾವಳಿ ಕಡೆಯ ಓದುಗರಿಗೆ ಒಂದು ಮಾತು. "ದುಬೈಯಿಂದ ತಂದದ್ದು" ಎನ್ನುವುದು ಅಸಲಿ ಎನ್ನುವುದಕ್ಕೆ ಪುರಾವೆ ಆಗುವುದಿಲ್ಲ. ದುಬೈಯಲ್ಲಿ ದೊಡ್ಡ ಅಧಿಕೃತ ಶೋರೂಮುಗಳೂ ಇವೆ, ಕಾಪಿ ಮಾಲಿಗೇ ಹೆಸರಾದ ಕರಾಮಾದಂಥ ಬಜಾರೂ ಇದೆ. ಸೀರಿಯಲ್ ಬರೆದಿರುವ ಅಲ್ಲಿನ ಬಿಲ್ಲು ಕೇಳಿ, ಇಲ್ಲಿ ಇಳಿದಾಗ ಕಸ್ಟಮ್ಸ್ ಕಟ್ಟಿದ ರಸೀದಿ ಕೇಳಿ. ಮಾರುವವರು ನಿಮ್ಮ ಭಾವನ ಸ್ನೇಹಿತರೇ ಆಗಿದ್ದರೂ ಕೇಳಿ. ಅವರಿಗೂ ಯಾರೋ ಮೋಸ ಮಾಡಿರಬಹುದು ಅಲ್ವಾ?

3. ನಂಬರಿಗೂ ವಾಚಿಗೂ ತಾಳೆ ನೋಡಿ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗದ ಹಂತ, ಖರ್ಚೂ ಇಲ್ಲ. ಒಂದು ಉದಾಹರಣೆ ನೋಡೋಣ. ದಿನಾಂಕ ಇರುವ ಕಪ್ಪು ಸ್ಟೀಲ್ ಸಬ್‌ಮರೀನರ್‌ನ ಮಾಡೆಲ್ ನಂಬರ್ 2010ರಿಂದ 2020ರವರೆಗೆ 116610ಎಲ್‌ಎನ್. ಅದರ ಅಗಲ 40 ಮಿಲಿಮೀಟರ್, ಒಳಗಿನ ಮೂವ್‌ಮೆಂಟ್ 3135. 2020ರ ಸೆಪ್ಟೆಂಬರಿನಲ್ಲಿ ಬಂದದ್ದು 126610ಎಲ್‌ಎನ್. ಇದು 41 ಮಿಲಿಮೀಟರ್, ಮೂವ್‌ಮೆಂಟ್ 3235. ಡಯಲ್‌ನ ಕೆಳತುದಿಯಲ್ಲಿ "ಸ್ವಿಸ್" ಮತ್ತು "ಮೇಡ್" ಎಂಬ ಎರಡು ಪದಗಳ ಮಧ್ಯೆ ಹೊಸದರಲ್ಲಿ ಒಂದು ಪುಟಾಣಿ ಕಿರೀಟ (ರೋಲೆಕ್ಸಿನ ಗುರುತು) ಇದೆ, ಹಳೆಯದರಲ್ಲಿ ಇಲ್ಲ. ಪೂರ್ತಿ ಕೀ ಕೊಟ್ಟು ಬಿಟ್ಟರೆ ಹಳೆಯದು ಸುಮಾರು ಎರಡು ದಿನ ನಡೆಯುತ್ತದೆ, ಹೊಸದು 70 ಗಂಟೆ.

ಈಗ ಯಾರಾದರೂ "2018ರಲ್ಲಿ ಕೊಂಡದ್ದು" ಎಂದು 126610ರ ಕಾರ್ಡ್ ತೋರಿಸಿದರೆ? ಆ ವರ್ಷ ಆ ವಾಚು ಮಾರುಕಟ್ಟೆಯಲ್ಲೇ ಇರಲಿಲ್ಲ. ಕಾರ್ಡಿನಲ್ಲಿ 116610 ಇದ್ದು ಡಯಲ್‌ನಲ್ಲಿ ಆ ಪುಟಾಣಿ ಕಿರೀಟ ಇದ್ದರೆ? ಡಯಲ್ ಬೇರೆ ಕಡೆಯಿಂದ ಬಂದಿದೆ, ಇಲ್ಲವೇ ಇಡೀ ವಾಚೇ ನಕಲಿ. ನೀವು ಕೊಳ್ಳಬೇಕೆಂದಿರುವ ಮಾಡೆಲ್‌ಗೆ ಇದೇ ಥರ ವರ್ಷ, ಅಳತೆ, ಮೂವ್‌ಮೆಂಟ್, ಡಯಲ್ ಅಕ್ಷರ ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

4. ಲೂಪ್ ಹಿಡಿದು ನೋಡಿ

ಆತುರ ಪಡಬೇಡಿ. "ಎಷ್ಟೊತ್ತು ನೋಡ್ತೀರಾ" ಎಂದು ಮಾರುವವರು ಸಿಡುಕಿದರೂ ಪರವಾಗಿಲ್ಲ.

ಮೊದಲು ಡಯಲ್ ಅಕ್ಷರ. ಅಸಲಿಯಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ, ಶಾಯಿ ಎಲ್ಲ ಕಡೆ ಒಂದೇ ದಪ್ಪ. ಅಗ್ಗದ ನಕಲಿಯಲ್ಲಿ ಅಕ್ಷರದ ಅಂಚು ಹರಡಿಕೊಂಡಿರುತ್ತದೆ, ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವಿನ ಜಾಗ ಏರುಪೇರಾಗಿರುತ್ತದೆ. ದಿನಾಂಕದ ಮೇಲಿರುವ ಉಬ್ಬು ಗಾಜು ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದು ಮಾಡಬೇಕು, ಅಂಕಿ ಕಿಟಕಿಯ ತುಂಬಾ ಕಾಣಬೇಕು. ಅಂಕಿ ಸಣ್ಣದಾಗಿ ಮಧ್ಯದಲ್ಲಿ ಕೂತಿದ್ದರೆ ಅನುಮಾನ ಪಡಿ. ತಿಂಗಳ ಎಲ್ಲ 31 ಅಂಕಿಗಳನ್ನೂ ತಿರುಗಿಸಿ ನೋಡಿ. ಒಂದು ಅಂಕಿ ಸರಿಯಾಗಿ ಕೂತು, ಇನ್ನೊಂದು ಮೇಲೆ ಕೆಳಗೆ ಜಾರಿರುವುದು ನಕಲಿಗಳಲ್ಲಿ ಸಾಮಾನ್ಯ.

ಆಮೇಲೆ ಡಯಲ್ ಸುತ್ತ ಗಾಜಿನ ಒಳಗಡೆ ಇರುವ ಲೋಹದ ಉಂಗುರ. ಈಗಿನ ರೋಲೆಕ್ಸ್‌ಗಳಲ್ಲಿ ಅದರ ಮೇಲೆ ಕಂಪನಿ ಹೆಸರು ಸುತ್ತಲೂ ಕೆತ್ತಿರುತ್ತದೆ, 12ರ ಹತ್ತಿರ ಕಿರೀಟ, 6ರ ಹತ್ತಿರ ಸೀರಿಯಲ್. ಕೆತ್ತನೆ ತೆಳುವಾಗಿ ಸ್ವಚ್ಛವಾಗಿರಬೇಕು. ಅಕ್ಷರಗಳು ನಿಮಿಷದ ಗೆರೆಗೆ ಸರಿಯಾಗಿ ಸೇರಿಲ್ಲ ಎಂಬ ಒಂದೇ ಕಾರಣಕ್ಕೆ ನಕಲಿ ಅನ್ನಬೇಡಿ, ಅಸಲಿಯಲ್ಲೂ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರುವುದುಂಟು. 2000ದ ದಶಕದ ಮಧ್ಯಕ್ಕೂ ಮುಂಚಿನ ವಾಚಾದರೆ ಸೀರಿಯಲ್ ಕೇಸಿನ, ಅಂದರೆ ವಾಚಿನ ಲೋಹದ ಹೊರಕವಚದ 6ರ ಕಡೆ, ಚೈನ್ ಸೇರುವ ಸಂದಿಯಲ್ಲಿ ಇರುತ್ತದೆ. ಚೈನ್ ಬಿಚ್ಚಿದರೆ ಮಾತ್ರ ಕಾಣುತ್ತದೆ.

ಗಾಜಿನ ಮೇಲಿನ ಕಿರೀಟ ಹುಡುಕುವುದು ತಾಳ್ಮೆಯ ಕೆಲಸ. 2000ದ ದಶಕದ ಆರಂಭದಿಂದ 6ರ ಮೇಲ್ಗಡೆ ಗಾಜಿನಲ್ಲೇ ಲೇಸರ್‌ನಿಂದ ಒಂದು ಸೂಕ್ಷ್ಮ ಕಿರೀಟ ಹಾಕುತ್ತಾರೆ. ಕೋಣೆಯ ದೀಪ ಕಡಿಮೆ ಮಾಡಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ವಾಚನ್ನು ನಿಧಾನ ಅಲುಗಾಡಿಸುತ್ತಾ ಲೂಪಿನಲ್ಲಿ ನೋಡಿ. ಪುಟ್ಟ ಪುಟ್ಟ ಚುಕ್ಕಿ ಸೇರಿ ಆದ ಕಿರೀಟ ಒಂದು ಕೋನದಲ್ಲಿ ಕಂಡು ಮತ್ತೆ ಮಾಯವಾಗುತ್ತದೆ. ಲೂಪ್ ಇಲ್ಲದೆ ಬರಿಗಣ್ಣಿಗೇ ಬೆಳ್ಳಗೆ ಎದ್ದು ಕಂಡರೆ ಅದು ನಕಲಿಯವರು ಕೆತ್ತಿದ್ದು.

ಹಿಂಬದಿ ತಿರುಗಿಸಿ. ಸಬ್‌ಮರೀನರ್, ಡೇಟ್‌ಜಸ್ಟ್‌ಗಳ ಹಿಂಬದಿ ಬೋಳು ಸ್ಟೀಲು. ಅಲ್ಲಿ ಗಾಜು ಹಾಕಿ ಒಳಗಿನ ಯಂತ್ರ ತಿರುಗುವುದು ಕಾಣುತ್ತಿದ್ದರೆ ವಾಪಸ್ ಕೊಟ್ಟು ಎದ್ದು ಬನ್ನಿ. ಹಿಂದೆ ಗಾಜು ಇರುವುದು 2023ರಲ್ಲಿ ಬಂದ ಪರ್ಪೆಚುಯಲ್ 1908ನಂಥ ಬೆರಳೆಣಿಕೆಯ ಮಾಡೆಲ್‌ಗಳಿಗೆ ಮಾತ್ರ. ಹಿಂಬದಿಯಲ್ಲಿ ಹಸಿರು ಹೊಲೊಗ್ರಾಂ ಸ್ಟಿಕ್ಕರ್ ತೋರಿಸಿ "ಕಂಪನಿ ಸೀಲು" ಅಂದರೂ ನಂಬಬೇಡಿ, ಅದನ್ನು ಕಂಪನಿ 2007ರ ಸುಮಾರಿಗೇ ನಿಲ್ಲಿಸಿದೆ.

ಬೇರೆ ಬ್ರ್ಯಾಂಡಿಗೂ ಇಂಥ ಗುಟ್ಟಿನ ಗುರುತು ಇರುತ್ತವೆ. ಕಾರ್ಟಿಯೇ ವಾಚುಗಳ ರೋಮನ್ ಅಂಕಿಗಳಲ್ಲಿ ಸಾಮಾನ್ಯವಾಗಿ 7ರ ಅಥವಾ 10ರ ಒಂದು ಗೆರೆಯನ್ನು ಲೂಪಿನಲ್ಲಿ ನೋಡಿದರೆ, ಅದು ಗೆರೆಯಲ್ಲ, ಪುಟ್ಟ ಅಕ್ಷರದಲ್ಲಿ ಬರೆದ ಕಂಪನಿಯ ಹೆಸರು. ಒಮೆಗಾದ ಮಾಸ್ಟರ್ ಕ್ರೋನೋಮೀಟರ್ (ನಿಖರತೆಯ ವಿಶೇಷ ಪರೀಕ್ಷೆ ದಾಟಿದ) ವಾಚುಗಳಿಗೆ ಅವರ ವೆಬ್‌ಸೈಟಿನಲ್ಲೇ ವಾಚಿನ ನಂಬರ್ ಹಾಕಿ ಪರೀಕ್ಷೆಯ ಫಲಿತಾಂಶ ನೋಡಬಹುದು. ಆದರೆ ನಕಲಿ ವಾಚಿನ ಮೇಲೆ ಯಾವುದೋ ಅಸಲಿಯ ನಂಬರ್ ಕೆತ್ತಿರಬಹುದು ಎನ್ನುವುದನ್ನು ಮರೆಯಬೇಡಿ.

5. ಕೈಯಲ್ಲಿ ಆಡಿಸಿ ನೋಡಿ

ಸಬ್‌ಮರೀನರ್‌ನ ಹೊರಗಿನ ಉಂಗುರ ಒಂದೇ ದಿಕ್ಕಿಗೆ ತಿರುಗಬೇಕು, ಒಂದು ಸುತ್ತಿಗೆ 120 ಕ್ಲಿಕ್. ಕ್ಲಿಕ್ ಆದ ಮೇಲೆ ಲೊಡಲೊಡ ಅಲುಗಬಾರದು. ಕ್ರೌನ್, ಅಂದರೆ ಕೀ ಕೊಡುವ ಗುಂಡಿಯ ಮೇಲೆ ಕಿರೀಟದ ಕೆಳಗೆ ಮೂರು ಚುಕ್ಕಿ ಇರಬೇಕು.

ದಿನಾಂಕ ಬದಲಾಗುವುದನ್ನು ನೋಡಲು ಮುಳ್ಳನ್ನು ಮುಂದಕ್ಕೇ ತಿರುಗಿಸುತ್ತಾ 12 ದಾಟಿಸಿ. ಈಗಿನ ಡೇಟ್‌ಜಸ್ಟ್, ಸಬ್‌ಮರೀನರ್‌ಗಳಲ್ಲಿ ಅಂಕಿ ಟಪ್ಪನೆ ಬದಲಾಗುತ್ತದೆ. ನಿಧಾನವಾಗಿ ಜಾರುತ್ತಾ ಹೋದರೆ ಸರಿಯಿಲ್ಲ. ಒಂದು ಎಚ್ಚರಿಕೆ: ಬೇರೆ ಎಷ್ಟೋ ಬ್ರ್ಯಾಂಡ್‌ಗಳಲ್ಲಿ ರಾತ್ರಿ 9ರಿಂದ ಬೆಳಗಿನ 3ರ ನಡುವೆ ಮುಳ್ಳಿರುವಾಗ ಕ್ರೌನ್‌ನಿಂದ ನೇರ ದಿನಾಂಕ ಬದಲಿಸಿದರೆ ಒಳಗಿನ ಹಲ್ಲು ಮುರಿಯಬಹುದು. ಮೊದಲು ಮುಳ್ಳನ್ನು 6ಕ್ಕೆ ತಂದು ಆಮೇಲೆ ಬದಲಿಸಿ.

ಎರಡು ಊರಿನ ಸಮಯ ತೋರಿಸುವ ಜಿಎಂಟಿ ಮಾಸ್ಟರ್ 2 ಮಾಡೆಲ್ ಆದರೆ ಕ್ರೌನ್ ಒಂದು ಹಂತ ಎಳೆದು ತಿರುಗಿಸಿ. ಮಾಮೂಲಿ ಗಂಟೆ ಮುಳ್ಳು ಒಂದೊಂದೇ ಗಂಟೆ ಹಾರಬೇಕು, 24 ಗಂಟೆಯ ಮುಳ್ಳು ಇದ್ದಲ್ಲೇ ಇರಬೇಕು. ಅಗ್ಗದ ಕಾಪಿಗಳಲ್ಲಿ ಇದು ಉಲ್ಟಾ. ಡೇಟೋನಾ ಆದರೆ ಮಧ್ಯದ ಉದ್ದ ಮುಳ್ಳು ಸ್ಟಾಪ್‌ವಾಚಿನದು, ಗುಂಡಿ ಒತ್ತುವವರೆಗೆ ಅದು ಸುಮ್ನೆ ನಿಂತಿರಬೇಕು. ಯಾವಾಗಲೂ ಓಡುತ್ತಿದ್ದರೆ ನಕಲಿ.

ಇಲ್ಲಿ ಜನ ನಂಬಿಕೊಂಡು ಬಂದಿರುವ ಹಳೆಯ ಪರೀಕ್ಷೆಗಳ ಬಗ್ಗೆ ಹೇಳಲೇಬೇಕು. "ಸೆಕೆಂಡ್ ಮುಳ್ಳು ಟಿಕ್ ಟಿಕ್ ಅನ್ನದೆ ನಯವಾಗಿ ಹೋದರೆ ಒರಿಜಿನಲ್" ಎನ್ನುತ್ತಾರೆ. ಬ್ಯಾಟರಿ ಹಾಕಿದ ಕಾಪಿಗಳ ಕಾಲಕ್ಕೆ ಅದು ಸರಿಯಿತ್ತು. ಇವತ್ತಿನ ನಕಲಿಗಳ ಒಳಗೂ ಬ್ಯಾಟರಿ ಇಲ್ಲದೆ ನಡೆಯುವ ಆಟೋಮ್ಯಾಟಿಕ್ ಮೂವ್‌ಮೆಂಟೇ ಇರುತ್ತದೆ, ಅವೂ ಅಸಲಿಯ ಹಾಗೆ ಸೆಕೆಂಡಿಗೆ ಎಂಟು ಸಲ ಹೆಜ್ಜೆ ಇಡುತ್ತವೆ. ರೋಲೆಕ್ಸ್ ತಾನೇ 1977ರಿಂದ ಆಯ್‌ಸ್ಟರ್‌ಕ್ವಾರ್ಟ್ಜ್ ಎಂಬ ಬ್ಯಾಟರಿ ವಾಚು ಮಾಡುತ್ತಿತ್ತು, ಅದು ಟಿಕ್ ಟಿಕ್ ಅಂತಲೇ ನಡೆಯುತ್ತದೆ. "ಭಾರ ಇದ್ದರೆ ಒರಿಜಿನಲ್" ಎನ್ನುವುದೂ ಹಾಗೆಯೇ, ಸ್ಟೀಲ್ ಎಲ್ಲ ಕಡೆ ಭಾರವೇ. ಗಾಜಿನ ಮೇಲೆ ನೀರಿನ ಹನಿ ಬಿಡುವುದು, ಬ್ಲೇಡಿನಿಂದ ಗೀರುವುದು ಇವೆಲ್ಲ ಬೇಡ. ಅಸಲಿಗೆ ಹಾಕುವ, ಸುಲಭಕ್ಕೆ ಗೀರು ಬೀಳದ ಸಫೈರ್ ಗಾಜನ್ನೇ ನಕಲಿಗೂ ಹಾಕುತ್ತಾರೆ.

6. ಮುಚ್ಚಳ ಬಿಚ್ಚಿಸಿ

ಇಲ್ಲಿಯವರೆಗೆ ಎಲ್ಲ ಸರಿ ಇದ್ದರೆ ಮಾತ್ರ ಈ ಹಂತಕ್ಕೆ ಬನ್ನಿ. "ಬಿಚ್ಚಿದರೆ ವಾಟರ್‌ಪ್ರೂಫ್ ಹೋಗುತ್ತೆ" ಎಂದು ಮಾರುವವರು ಹೇಳಬಹುದು. ಅದರಲ್ಲಿ ಸ್ವಲ್ಪ ನಿಜವೂ ಇದೆ. ಮುಚ್ಚಳದ ಸುತ್ತ ಇರುವ ರಬ್ಬರ್ ಉಂಗುರವನ್ನು ಸರಿಯಾಗಿ ಕೂರಿಸಿ, ಹಳೆಯದಾಗಿದ್ದರೆ ಬದಲಿಸಿ, ನೀರಿನ ಒತ್ತಡದ ಪರೀಕ್ಷೆ ಮಾಡಿಸಬೇಕು. ಆ ಖರ್ಚು ನಾನು ಕೊಡುತ್ತೇನೆ ಎಂದು ನೀವೇ ಹೇಳಿ. ಅದಾದ ಮೇಲೂ ಒಪ್ಪದಿದ್ದರೆ ಕಾರಣ ಬೇರೆ ಇದೆ.

ರೋಲೆಕ್ಸ್ ಮುಚ್ಚಳದ ಅಂಚಿನಲ್ಲಿ ಸಣ್ಣ ಹಲ್ಲುಗಳಿವೆ, ಅದಕ್ಕೆ ಹೊಂದುವ ಉಪಕರಣದಿಂದಲೇ ತಿರುಗಿಸಬೇಕು. ಆ ಉಪಕರಣ ಇಲ್ಲದವರ ಕೈಗೆ ಕೊಡಬೇಡಿ. ಒಳಗೆ ಮೂವ್‌ಮೆಂಟ್ ಮೇಲೆ ಕಂಪನಿ ಹೆಸರು ಮತ್ತು ಮೂವ್‌ಮೆಂಟ್ ನಂಬರ್ ಕೆತ್ತಿರಬೇಕು, ಅದು ನಿಮ್ಮ ಚೀಟಿಯಲ್ಲಿರುವ ನಂಬರಿಗೆ ತಾಳೆಯಾಗಬೇಕು. ಸೂಪರ್ ಕ್ಲೋನಿನಲ್ಲೂ ಆ ಹೆಸರು, ನಂಬರ್ ಇರುತ್ತವೆ. ಆದ್ದರಿಂದ ಸ್ಕ್ರೂ ತಲೆಯ ಹೊಳಪು, ಭಾಗಗಳ ಅಂಚು, ಕೆತ್ತನೆಯ ಆಳ ಇವನ್ನು ಅಸಲಿ ಮೂವ್‌ಮೆಂಟಿನ ಫೋಟೋ ಪಕ್ಕ ಇಟ್ಟು ರಿಪೇರಿಯವರು ನೋಡಬೇಕು. ನಿಮ್ಮ ಕಣ್ಣಿಗೆ ಇದು ಸಾಲದು, ಅದಕ್ಕೇ ಅಭ್ಯಾಸ ಇರುವವರು ಬೇಕು ಎಂದದ್ದು.

ಟೈಮ್‌ಗ್ರಾಫರ್ ಮೇಲೆ ಇಡಲಿ. ವಾಚಿನ ಸದ್ದು ಕೇಳಿಸಿಕೊಂಡು ದಿನಕ್ಕೆ ಎಷ್ಟು ಸೆಕೆಂಡ್ ಮುಂದೆ ಹಿಂದೆ ಹೋಗುತ್ತದೆ ಎಂದು ತೋರಿಸುವ ಪುಟ್ಟ ಯಂತ್ರ ಅದು. ಈಗಿನ ರೋಲೆಕ್ಸ್‌ಗೆ ಕಂಪನಿ ಹೇಳುವುದು ದಿನಕ್ಕೆ 2 ಸೆಕೆಂಡ್ ಆಚೀಚೆ. ಹಳೆಯ ವಾಚಿಗೆ ಸರ್ವಿಸ್ ಆಗದಿದ್ದರೆ ಜಾಸ್ತಿ ತೋರಿಸಬಹುದು, ಒಳ್ಳೆಯ ನಕಲಿ ಚೆನ್ನಾಗಿಯೂ ತೋರಿಸಬಹುದು. ಈ ಯಂತ್ರ ವಾಚಿನ ಆರೋಗ್ಯ ಹೇಳುತ್ತದೆ, ಹುಟ್ಟು ಹೇಳುವುದಿಲ್ಲ.

ಸಾಧ್ಯವಿದ್ದರೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೇ ಮಾರುವವರ ಜೊತೆ ಹೋಗಿ. ನಕಲಿಯನ್ನು ಅವರು ಸರ್ವಿಸ್‌ಗೆ ತೆಗೆದುಕೊಳ್ಳುವುದಿಲ್ಲ. ಇತ್ತೀಚೆಗೆ ಅಲ್ಲೇ ಸರ್ವಿಸ್ ಆಗಿ, ಅದೇ ಸೀರಿಯಲ್‌ಗೆ ಗ್ಯಾರಂಟಿ ಕೊಟ್ಟಿದ್ದರೆ ನನ್ನ ಮಟ್ಟಿಗೆ ಅದು ಬಾಕ್ಸ್‌ಗಿಂತ ದೊಡ್ಡ ದಾಖಲೆ. ಆ ಕಾಗದ ನಿಜವಾ ಎಂದು ಆ ಸೆಂಟರಿಗೆ ಫೋನ್ ಮಾಡಿ ಕೇಳಿ.

7. ಹಳೆಯ ವಾಚಾದರೆ ಇನ್ನೂ ಹುಷಾರು

ಹಳೆಯ ವಾಚಿನಲ್ಲಿ ಪ್ರತಿ ಭಾಗವೂ ಅಸಲಿಯೇ ಇದ್ದು ಒಟ್ಟು ವಾಚು ಸುಳ್ಳಾಗಿರಬಹುದು. 2021ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ 1957ರದ್ದು ಎನ್ನಲಾದ ಒಂದು ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕ್ ದಾಟಿ ಮಾರಾಟವಾಯಿತು. ಕೊಂಡದ್ದು ಒಮೆಗಾ ಕಂಪನಿಯೇ, ತನ್ನ ಮ್ಯೂಸಿಯಮ್ಮಿಗೆ. 2023ರಲ್ಲಿ ಅದು ಬೇರೆ ಬೇರೆ ಭಾಗ ಸೇರಿಸಿ ಕಟ್ಟಿದ ಫ್ರಾಂಕನ್ ಎಂದು ಕಂಪನಿಯೇ ಹೇಳಿತು. ತಯಾರಿಸಿದ ಕಂಪನಿಯೇ ಮೋಸ ಹೋಗಬಹುದಾದ ಕಡೆ ನಾವು ಎಷ್ಟು ಎಚ್ಚರ ಇದ್ದರೂ ಕಡಿಮೆಯೇ.

ನಮ್ಮಲ್ಲಿ ಈ ಕಾಟ ಜಾಸ್ತಿ ಇರುವುದು ರಿಡಯಲ್ ರೂಪದಲ್ಲಿ. ಹಳೆಯ ಫಾವ್ರ್ ಲ್ಯೂಬಾ, ವೆಸ್ಟ್ ಎಂಡ್, ಅಷ್ಟೇ ಏಕೆ, ನಮ್ಮ ಎಚ್‌ಎಂಟಿ ಕೂಡ ಇದಕ್ಕೆ ಸಿಕ್ಕಿದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆಗಳನ್ನು ಮುಚ್ಚಲು 2016ರ ಜನವರಿಯಲ್ಲಿ ಸರ್ಕಾರ ಒಪ್ಪಿದ ಮೇಲೆ ಹಳೆಯ ವಾಚುಗಳಿಗೆ ಬೇಡಿಕೆ ಬಂತು. ಈಗ ಆನ್‌ಲೈನಿನಲ್ಲಿ ಕಿತ್ತಳೆ, ಗಿಳಿಹಸಿರು, ನೇರಳೆ ಡಯಲ್ ಹಾಕಿದ "ಎಚ್‌ಎಂಟಿ ಪೈಲಟ್"ಗಳು "ಅಪರೂಪದ್ದು" ಎಂಬ ಹೆಸರಲ್ಲಿ ಬರುತ್ತಿವೆ. ಪೈಲಟ್ ಎಂದರೆ ಕಪ್ಪು ಡಯಲ್ ಎಂದು ಅದನ್ನು ಕೈಗೆ ಕಟ್ಟಿಕೊಂಡವರ ಮನೆಗಳಲ್ಲಿ ಈಗಲೂ ಗೊತ್ತು. ಐವತ್ತು ವರ್ಷ ಹಳೆಯ ವಾಚಿನ ಕೇಸು ಸವೆದಿದ್ದು, ಡಯಲ್ ಮಾತ್ರ ನಿನ್ನೆ ಮಾಡಿದ ಹಾಗೆ ಫಳಫಳ ಹೊಳೆಯುತ್ತಿದ್ದರೆ ಅದು ನಿನ್ನೆ ಮಾಡಿದ್ದೇ. ರೇಡಿಯಂ ಹಚ್ಚಿದ ಚುಕ್ಕಿ ಮತ್ತು ಮುಳ್ಳಿನ ಬಣ್ಣ ಒಂದೇ ಥರ ಹಳೆಯದಾಗಿದೆಯಾ ಎಂದೂ ನೋಡಿ.

8. ಹಣ ಕೊಡುವಾಗ

ನೋಡಿದ್ದು ಒಂದು ವಾಚು, ಕೈಗೆ ಬಂದದ್ದು ಇನ್ನೊಂದು ಆಗುವುದು ಈ ಹಂತದಲ್ಲೇ. ಪರೀಕ್ಷೆ ಮಾಡಿದ ದಿನ ಸೀರಿಯಲ್ ಬರೆದುಕೊಳ್ಳಿ, ಚೈನಿನ ಮೇಲಿನ ಗೀರುಗಳ ಫೋಟೋ ತೆಗೆಯಿರಿ, ಹಣ ಹಾಕುವ ಕ್ಷಣದಲ್ಲಿ ಎರಡನ್ನೂ ಮತ್ತೆ ನೋಡಿ. ಪರೀಕ್ಷೆ ಮತ್ತು ಹಣ ಕೊಡುವುದು ಎರಡೂ ಒಂದೇ ಜಾಗದಲ್ಲಿ, ವಾಚು ನಿಮ್ಮ ಕಣ್ಣೆದುರಿನಿಂದ ಹೋಗದ ಹಾಗೆ ನಡೆದರೆ ಇನ್ನೂ ಒಳ್ಳೆಯದು.

ಬೇರೆ ಊರಿನವರಾದರೆ ಮೊದಲು ವೀಡಿಯೊ ಕಾಲ್ ಮಾಡಿ, ಇವತ್ತಿನ ತಾರೀಖು ಮತ್ತು ನಿಮ್ಮ ಹೆಸರು ಬರೆದ ಚೀಟಿಯನ್ನು ವಾಚಿನ ಪಕ್ಕ ಇಟ್ಟು ತೋರಿಸಲು ಹೇಳಿ. ಬೇರೆಯವರ ಫೋಟೋ ಕದ್ದು ಹಾಕಿದವರು ಇಲ್ಲೇ ಸಿಕ್ಕಿಬೀಳುತ್ತಾರೆ. "ತುಂಬಾ ಜನ ಕೇಳ್ತಿದ್ದಾರೆ, ಹತ್ತು ಸಾವಿರ ಅಡ್ವಾನ್ಸ್ ಹಾಕಿ ಹಿಡಿದಿಡ್ತೀನಿ" ಎಂಬುದಕ್ಕೆ ಹಣ ಹಾಕಬೇಡಿ. ಎಸ್ಕ್ರೋ ಇದ್ದರೆ ಬಳಸಿ. ಅಂದರೆ ವಾಚು ನಿಮಗೆ ತಲುಪಿ ನೀವು ಒಪ್ಪುವವರೆಗೆ ಹಣ ಮೂರನೆಯವರ ಹತ್ತಿರ ಇರುತ್ತದೆ. ಬ್ಯಾಂಕ್ ಮೂಲಕವೇ ಹಣ ಕೊಟ್ಟು, "ಅಧಿಕೃತ ಸರ್ವಿಸ್ ಸೆಂಟರ್ ನಕಲಿ ಎಂದರೆ ಅಥವಾ ಭಾಗಗಳು ಅಸಲಿ ಅಲ್ಲ ಎಂದರೆ ಪೂರ್ತಿ ಹಣ ವಾಪಸ್" ಎಂದು ದಿನದ ಗಡುವಿನೊಂದಿಗೆ ಬರೆಸಿ ಸಹಿ ಮಾಡಿಸಿ.

ಆಮೇಲೆ ನಕಲಿ ಎಂದು ಗೊತ್ತಾದರೆ? ಆನ್‌ಲೈನ್ ವಂಚನೆಯಾದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಅಂಗಡಿಯ ವ್ಯವಹಾರವಾದರೆ ಗ್ರಾಹಕರ ಸಹಾಯವಾಣಿ 1915 ಇದೆ, ಪೊಲೀಸರಿಗೂ ದೂರು ಕೊಡಿ. ಚಾಟ್ ಸಂದೇಶ, ಬ್ಯಾಂಕ್ ರಸೀದಿ, ಫೋಟೋ ಯಾವುದನ್ನೂ ಅಳಿಸಬೇಡಿ. ಹೋದ ದುಡ್ಡು ಬರಲಿ ಎಂದು ಆ ವಾಚನ್ನು ಇನ್ನೊಬ್ಬರಿಗೆ ಒರಿಜಿನಲ್ ಎಂದು ಮಾರಲು ಮಾತ್ರ ಹೋಗಬೇಡಿ. ಸುಳ್ಳು ಟ್ರೇಡ್‌ಮಾರ್ಕಿನ ಮಾಲು ಮಾರುವುದಕ್ಕೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ.